ಅಪ್ಪನಾಗುವವನಿಗೆ ಒಂಬತ್ತು ತಿಂಗಳ ಕೆಲಸ

ಬಸುರಿಯಾದ ಹೆಣ್ಣಿಗೆ ಅವಳ ಮೈಯೇ ದಿನಕ್ಕೆ ಹತ್ತಾರು ಸಲ ಕೂಸಿನ ಸುದ್ದಿ ಹೇಳುತ್ತಿರುತ್ತದೆ. ಬೆಳಗಿನ ವಾಕರಿಕೆ, ಮಧ್ಯಾಹ್ನದ ಸುಸ್ತು, ನಡುರಾತ್ರಿಯ ಎಚ್ಚರ ಎಲ್ಲವೂ ಅವಳಿಗೆ ಒಳಗೊಂದು ಜೀವವಿದೆ ಎಂಬುದನ್ನು ನೆನಪಿಸುತ್ತವೆ. ಗಂಡನ ಮೈಗೆ ಇಂಥ ಯಾವ ಸುದ್ದಿಯೂ ಬರುವುದಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ ದಿನ ಆತ ಸಂತೋಷಪಡುತ್ತಾನೆ, ಸಿಹಿ ತರುತ್ತಾನೆ, ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋಗುತ್ತಾನೆ. ಕೆಲವು ವಾರಗಳ ನಂತರ, “ಖುಷಿಯೇನೋ ಇದೆ, ಆದರೆ ಅಪ್ಪನಾಗುತ್ತಿದ್ದೇನೆ ಎಂದು ಒಳಗಿನಿಂದ ಅನ್ನಿಸುತ್ತಲೇ ಇಲ್ಲ” ಎಂಬ ಕಳವಳ ಶುರುವಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಅನುಭವಿಸುವವರು ಬಹಳ ಮಂದಿ. ಹಾಗೆ ಅನ್ನಿಸದಿರುವುದು ಪ್ರೀತಿಯ ಕೊರತೆಯ ಲಕ್ಷಣವಲ್ಲವೆಂದು ಮೊದಲೇ ತಿಳಿದುಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಈ ಬರಹ ಹೇಳಹೊರಟಿರುವ ಮುಖ್ಯ ಮಾತು ಒಂದೇ. ತಂದೆಯ ಮಟ್ಟಿಗೆ ಭಾವನೆ ಮೊದಲು ಬಂದು ಕೆಲಸ ಆಮೇಲೆ ಬರುವುದಿಲ್ಲ. ಕೈಯಲ್ಲಿ ಕೆಲಸ ಹಿಡಿದವನಿಗೆ ಭಾವನೆ ತಾನಾಗಿ ಬರುತ್ತದೆ. ನಮ್ಮ ಮನೆಗಳಲ್ಲಿ ಬಸುರು, ಬಾಣಂತನ ಎಂದರೆ ಹೆಂಗಸರ ವಿಷಯವೆಂಬ ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಅತ್ತೆ, ತಾಯಿ, ಚಿಕ್ಕಮ್ಮ, ನೆರೆಮನೆಯ ಹಿರಿಯರು ಸೇರಿ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಗಂಡಸಿಗೆ ಉಳಿಯುವುದು ಹಣ ಹೊಂದಿಸುವುದು ಮತ್ತು ಆಟೋ ಕರೆತರುವುದು. ಅವರ ಉದ್ದೇಶ ಒಳ್ಳೆಯದೇ. ಆದರೆ ಈ ಏರ್ಪಾಟಿನಲ್ಲಿ ತಂದೆಗೂ ಕೂಸಿಗೂ ನಂಟು ಬೆಳೆಯುವ ದಾರಿಗಳೆಲ್ಲ ಮುಚ್ಚಿಹೋಗುವುದರಿಂದ, ಯಾವ ಕೆಲಸ ತನ್ನದು ಎಂಬುದನ್ನು ಆತನೇ ಹುಡುಕಿಕೊಂಡು ಕೈಗೆತ್ತಿಕೊಳ್ಳಬೇಕಾಗುತ್ತದೆ.

ಮೊದಲ ಮೂರು ತಿಂಗಳು

ಈ ಹಂತದಲ್ಲಿ ಹೊಟ್ಟೆ ಕಾಣುವುದಿಲ್ಲ, ಕೂಸು ಮಿಸುಕುವುದೂ ಇಲ್ಲ. ಬಹಳಷ್ಟು ಕುಟುಂಬಗಳಲ್ಲಿ ಮೂರು ತಿಂಗಳು ತುಂಬುವವರೆಗೆ ಸುದ್ದಿಯನ್ನು ಹೊರಗೆ ಹೇಳುವ ರೂಢಿಯೂ ಇಲ್ಲದ್ದರಿಂದ ಗಂಡನಿಗೆ ಮಾತನಾಡಿಕೊಳ್ಳಲು ಹೆಂಡತಿಯನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಆದ್ದರಿಂದ ಈಗ ಕೂಸಿನ ಬಗ್ಗೆ ಯೋಚಿಸುವುದಕ್ಕಿಂತ ಹೆಂಡತಿಯ ದಿನಚರಿಯನ್ನು ಗಮನಿಸುವುದು ಹೆಚ್ಚು ಫಲ ಕೊಡುತ್ತದೆ. ಸಾಸಿವೆ ಸಿಡಿಯುವ ಒಗ್ಗರಣೆಯ ವಾಸನೆಗೇ ವಾಂತಿ ಬರುವ ದಿನಗಳಿವು. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಬೆಳಗಿನ ತಿಂಡಿಯನ್ನು ನೀವೇ ಮಾಡಿ. ಅವಳು ಹಾಸಿಗೆಯಿಂದ ಏಳುವ ಮೊದಲೇ ತಿನ್ನಲು ಒಂದು ಹಿಡಿ ಮಂಡಕ್ಕಿಯನ್ನೋ ಎರಡು ಬಿಸ್ಕತ್ತನ್ನೋ ತಲೆದಿಂಬಿನ ಪಕ್ಕದಲ್ಲಿ ಇಡಿ. ಖಾಲಿ ಹೊಟ್ಟೆಯಲ್ಲಿ ಎದ್ದಾಗ ವಾಕರಿಕೆ ಹೆಚ್ಚಾಗುವವರಿಗೆ ಇದರಿಂದ ಅನುಕೂಲವಾಗುತ್ತದೆ. ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ ಮನೆಮದ್ದು ಹುಡುಕುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ಬಯಕೆ ತೀರಿಸುವುದು ಗಂಡನ ಹಳೆಯ ಕರ್ತವ್ಯ, ಅದನ್ನು ಮನಸಾರೆ ಮಾಡಿ. ಮಾವಿನಕಾಯಿ, ಹುಣಸೆಹಣ್ಣು, ಸಂಜೆಯ ಚುರುಮುರಿ ಏನೇ ಇರಲಿ, ಅದಕ್ಕಾಗಿ ಪೇಟೆಗೆ ಹೋಗಿ ಬರುವ ಅರ್ಧ ಗಂಟೆಯಲ್ಲಿ ನಿಮ್ಮ ತಲೆಯಲ್ಲಿ ಅವಳು ಮತ್ತು ಕೂಸು ಮಾತ್ರ ಇರುತ್ತಾರೆ. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನ್ನಿಸುತ್ತಿದೆ ಎಂದರೆ ಮಾತ್ರ ನಕ್ಕು ಸುಮ್ಮನಾಗಬೇಡಿ. ರಕ್ತಹೀನತೆಯಲ್ಲಿ ಹೀಗಾಗುವುದುಂಟು, ವೈದ್ಯರಿಗೆ ತಿಳಿಸಬೇಕು. ಮೊದಲ ಮೂರು ತಿಂಗಳ ಫೋಲಿಕ್ ಆಮ್ಲದ ಮಾತ್ರೆ, ನಂತರದ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ಲೆಕ್ಕವನ್ನು ನಿಮ್ಮ ಜವಾಬ್ದಾರಿಗೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗಬಾರದು. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗದೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಬೀಡಿ, ಸಿಗರೇಟು ಸೇದುವವರಿಗೆ ಅದನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು ಸಿಗುವುದಿಲ್ಲ, ಏಕೆಂದರೆ ಪಕ್ಕದವರು ಬಿಟ್ಟ ಹೊಗೆಯೂ ಹೊಟ್ಟೆಯ ಕೂಸಿಗೆ ಹಾನಿಕರ.

ಹಿಂದೊಮ್ಮೆ ಗರ್ಭಪಾತವಾದ ದಂಪತಿಗಳ ಮಾತು ಬೇರೆ. ಅಂಥ ಗಂಡಸರು ಈ ಬಾರಿ ಬೇಕೆಂದೇ ಮನಸ್ಸನ್ನು ದೂರ ಇಟ್ಟುಕೊಳ್ಳುತ್ತಾರೆ. ಆಸೆ ಇಟ್ಟುಕೊಳ್ಳದಿದ್ದರೆ ನೋವೂ ಇರುವುದಿಲ್ಲವೆಂಬ ಲೆಕ್ಕಾಚಾರ ಅವರದು. ಹಾಗೆ ದೂರ ಉಳಿದ ಗಂಡನನ್ನು ನೋಡಿದ ಹೆಂಡತಿ ತಾನೊಬ್ಬಳೇ ಹೆದರುತ್ತಿದ್ದೇನೆಂದು ತಿಳಿಯುತ್ತಾಳೆ. “ನನಗೂ ಹೆದರಿಕೆ ಇದೆ” ಎಂದು ಒಂದು ಸಲ ಹೇಳಿಬಿಡಿ. ಆ ಮಾತಿನಿಂದ ಅವಳ ಧೈರ್ಯವೇನೂ ಕುಗ್ಗುವುದಿಲ್ಲ.

ತಪಾಸಣೆಯ ಕೋಣೆಯೊಳಗೆ

ತಿಂಗಳ ತಪಾಸಣೆಗೆ ಹೆಂಡತಿಯನ್ನು ಬಿಟ್ಟು ಬರುವುದಕ್ಕೂ ಅವಳ ಜೊತೆ ಒಳಗೆ ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು, ನಾಲ್ಕನೇ ತಿಂಗಳಿನಿಂದಾಚೆಗಿನ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ದಿನ ಮೊದಲೇ ಗೊತ್ತಿರುವುದರಿಂದ ರಜೆ ಕೇಳುವುದು ಸುಲಭ. ಆಶಾ ಕಾರ್ಯಕರ್ತೆ ಕೊಡಿಸುವ ತಾಯಿ ಕಾರ್ಡನ್ನು ನೀವೇ ಓದಿ. ಅದರಲ್ಲಿ ಬರೆದ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣ ಏನು ಹೇಳುತ್ತವೆ ಎಂದು ಕೇಳಿ ತಿಳಿದುಕೊಳ್ಳಿ; ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದೇ ಎಣಿಸುತ್ತಾರೆ. ಪ್ರತಿ ಪುಟದ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ.

ನಿಮ್ಮ ರಕ್ತಕ್ಕೂ ಇಲ್ಲಿ ಕೆಲಸವಿದೆ. ಹೆಂಡತಿಯದು ನೆಗೆಟಿವ್ ಗುಂಪು, ನಿಮ್ಮದು ಪಾಸಿಟಿವ್ ಆಗಿದ್ದರೆ, ಕೂಸಿನ ರಕ್ತಕ್ಕೆ ವಿರುದ್ಧವಾಗಿ ತಾಯಿಯ ದೇಹ ಪ್ರತಿಕಾಯಗಳನ್ನು ಉಂಟುಮಾಡುವ ಸಾಧ್ಯತೆ ಇರುತ್ತದೆ. ಇದನ್ನು ತಡೆಯಲು ಸುಮಾರು 28ನೇ ವಾರದಲ್ಲಿ ಹಾಗೂ ಪಾಸಿಟಿವ್ ಗುಂಪಿನ ಕೂಸು ಹುಟ್ಟಿದರೆ ಹೆರಿಗೆಯ ನಂತರ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಆದ್ದರಿಂದ ಮೊದಲ ಭೇಟಿಯಲ್ಲೇ ನಿಮ್ಮ ರಕ್ತದ ಗುಂಪನ್ನೂ ಬರೆಸಿ.

ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಗಂಡನನ್ನು ಹೊರಗೆ ಕೂರಿಸುವ ರೂಢಿ ಹೆಚ್ಚು. ಭ್ರೂಣದ ಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಬಂದ ಕಾನೂನು ಲಿಂಗ ತಿಳಿಸುವುದನ್ನು ನಿಷೇಧಿಸಿದೆ. ಗಂಡ ಒಳಗೆ ಬರುವುದನ್ನು ನಿಷೇಧಿಸಿಲ್ಲ. ಆದರೂ ಪ್ರತಿ ಕೇಂದ್ರಕ್ಕೂ ಅದರದೇ ನಿಯಮವಿರುವುದರಿಂದ ವಿನಯದಿಂದ ಮೊದಲೇ ಕೇಳಿ. ಒಳಗೆ ಬಿಟ್ಟರೆ, 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನ್ ತಪ್ಪಿಸಿಕೊಳ್ಳಬಾರದಂಥದ್ದು. ವೈದ್ಯರು ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ, ಕೈಬೆರಳುಗಳನ್ನು ಒಂದೊಂದಾಗಿ ನೋಡುತ್ತ ಹೋಗುತ್ತಾರೆ. ಬೂದುಬಣ್ಣದ ಪರದೆಯ ಮೇಲೆ ಕೂಸು ತನ್ನ ಮುಷ್ಟಿಯನ್ನು ಮುಖದ ಹತ್ತಿರಕ್ಕೆ ಒಯ್ಯುವುದು ಕಾಣಬಹುದು. ನಿಮಿಷಕ್ಕೆ 110ರಿಂದ 160ರಷ್ಟು, ಅಂದರೆ ನಿಮ್ಮ ಹೃದಯದ ಸುಮಾರು ಎರಡರಷ್ಟು ವೇಗದಲ್ಲಿ ಬಡಿಯುವ ಆ ಪುಟ್ಟ ಹೃದಯದ ಸದ್ದನ್ನು ಕೇಳಿದಾಗಲೇ ಎಷ್ಟೋ ಗಂಡಸರಿಗೆ ಮೊದಲ ಬಾರಿಗೆ ಗಂಟಲು ಕಟ್ಟುತ್ತದೆ. ಮನೆಗೆ ಬಂದ ಮೇಲೆ ಹಿರಿಯರು “ಗಂಡೋ ಹೆಣ್ಣೋ” ಎಂಬ ಲೆಕ್ಕಾಚಾರ ಶುರುಮಾಡಿದರೆ, ಅದನ್ನು ಅಲ್ಲೇ ನಿಲ್ಲಿಸುವ ಹೊಣೆ ಸೊಸೆಯದಲ್ಲ, ಮಗನದು. “ಯಾವ ಕೂಸಾದರೂ ನಮಗೆ ಸಂತೋಷವೇ, ಈ ಮಾತು ಬೇಡಮ್ಮ” ಎಂದು ನೀವು ಸ್ಪಷ್ಟವಾಗಿ ಹೇಳಿದರೆ ಹೆಂಡತಿಯ ಎದೆಯ ಮೇಲಿನ ದೊಡ್ಡ ಭಾರ ಇಳಿಯುತ್ತದೆ.

ಮಿಸುಕಾಟ ಮತ್ತು ಮಾತು

ಚೊಚ್ಚಲ ಬಸುರಿಯಲ್ಲಿ ತಾಯಿಗೆ ಕೂಸಿನ ಮಿಸುಕಾಟ ತಿಳಿಯುವುದು ಸಾಮಾನ್ಯವಾಗಿ 18ರಿಂದ 20ನೇ ವಾರದ ಹೊತ್ತಿಗೆ. ಎರಡನೆಯ ಬಾರಿಗೆ ಇನ್ನೂ ಮುಂಚೆ. ಹೊರಗಿನಿಂದ ಕೈಯಿಟ್ಟವರಿಗೆ ಅದು ತಿಳಿಯಲು ಇನ್ನೂ ಕೆಲವು ವಾರ ಬೇಕು. ಮಾಸು ಹೊಟ್ಟೆಯ ಮುಂಭಾಗದಲ್ಲಿದ್ದರೆ ಮತ್ತಷ್ಟು ತಡವಾಗುತ್ತದೆ. “ಏನ್ರೀ, ಬೇಗ ಬನ್ನಿ, ಒದೀತಿದೆ” ಎಂದು ಅವಳು ಕರೆದಾಗ ಓಡಿಬಂದು ಕೈಯಿಟ್ಟೊಡನೆ ಕೂಸು ಸುಮ್ಮನಾಗುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಒಂದೆರಡು ಸಲ ಹೀಗಾದ ಮೇಲೆ ಬೇಸತ್ತು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ಅದಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ.

ರಾತ್ರಿ ಊಟ ಮುಗಿದು ಅವಳು ಎಡಮಗ್ಗುಲಿಗೆ ಮಲಗಿ ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತು ಇದಕ್ಕೆ ಬಹಳ ಒಳ್ಳೆಯದು, ಏಕೆಂದರೆ ಸಂಜೆಯಿಂದ ರಾತ್ರಿಯವರೆಗೆ ಕೂಸಿನ ಚಟುವಟಿಕೆ ಹೆಚ್ಚಾಗಿ ತಿಳಿಯುತ್ತದೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಟಿವಿ ಆರಿಸಿ. ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಎಲ್ಲಿಡಬೇಕೆಂದು ಅವಳನ್ನೇ ಕೇಳಿ, ಅಂಗೈಯನ್ನು ಒತ್ತದೆ ಅಗಲವಾಗಿ ಇಡಿ. ಹತ್ತು ನಿಮಿಷ ಏನೂ ಆಗದಿರಬಹುದು. ಆಮೇಲೆ ಬೆರಳ ತುದಿಯಿಂದ ಒಳಗಿನಿಂದ ಯಾರೋ ಮೆಲ್ಲಗೆ ತಟ್ಟಿದಂತೆ ಒಂದು ತಟ್ಟು, ಮತ್ತೆ ಮೌನ, ಮತ್ತೊಂದು ತಟ್ಟು. ತಿಂಗಳು ಕಳೆದಂತೆ ತಟ್ಟು ಹೋಗಿ ಹೊರಳಾಟ ಬರುತ್ತದೆ. ಹಿಮ್ಮಡಿಯೋ ಮೊಣಕೈಯೋ ಒಂದು ಬದಿಯಲ್ಲಿ ಉಬ್ಬಿ ಸರಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಒಂದೇ ಲಯದಲ್ಲಿ ಸಣ್ಣಗೆ ಮಿಡಿಯುತ್ತಿದ್ದರೆ ಅದು ಕೂಸಿಗೆ ಬಂದ ಬಿಕ್ಕಳಿಕೆ ಇರಬಹುದು, ಹೆದರಬೇಕಾಗಿಲ್ಲ. ಏಳನೇ ತಿಂಗಳಿನಿಂದ ಮಿಸುಕಾಟ ಎಣಿಸುವುದನ್ನು ಇಬ್ಬರೂ ಸೇರಿ ಮಾಡಬಹುದು. ಎರಡು ಗಂಟೆಯೊಳಗೆ ಹತ್ತು ಮಿಸುಕಾಟ ಎಂಬುದು ಬಳಕೆಯಲ್ಲಿರುವ ಅಳತೆ. ಅದಕ್ಕಿಂತ ಮುಖ್ಯವಾದುದು ನಿಮ್ಮ ಕೂಸಿನ ದಿನನಿತ್ಯದ ರೀತಿ. ಅದು ಕಡಿಮೆಯಾಯಿತೆನ್ನಿಸಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ರಕ್ತಸ್ರಾವ, ನೀರು ಹೋಗುವುದು, ಕಣ್ಣು ಮಂಜಾಗುವಂಥ ತೀವ್ರ ತಲೆನೋವು, ಮುಖದ ಊತ, ಜ್ವರ ಕಂಡಾಗಲೂ ಹಾಗೆಯೇ.

ಆರನೇ ತಿಂಗಳು ಮುಗಿಯುವ ಹೊತ್ತಿಗೆ ಕೂಸು ಹೊರಗಿನ ಸದ್ದಿಗೆ ಪ್ರತಿಕ್ರಿಯಿಸತೊಡಗುತ್ತದೆ. ತಾಯಿಯ ಹೊಟ್ಟೆಯ ಗೋಡೆಯನ್ನು ದಾಟಿ ಒಳಗೆ ಚೆನ್ನಾಗಿ ತಲುಪುವುದು ತಗ್ಗು ಸ್ಥಾಯಿಯ ಸದ್ದುಗಳು. ಹುಟ್ಟಿದ ಕೂಸು ತಾಯಿಯ ಧ್ವನಿಯನ್ನು ಗುರುತಿಸುತ್ತದೆ ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ತಂದೆಯ ಧ್ವನಿಯ ಬಗ್ಗೆ ಅಷ್ಟು ಗಟ್ಟಿಯಾದ ಆಧಾರವಿಲ್ಲ. ಹಾಗಿದ್ದರೂ ಮಾತನಾಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಆ ಮಾತಿನಿಂದ ಮೊದಲು ಬದಲಾಗುವವನು ತಂದೆಯೇ. ದಿನವೂ “ಪುಟ್ಟಾ” ಎಂದೋ “ಕಂದಾ” ಎಂದೋ ಕರೆದು ಮಾತನಾಡಿಸುವವನಿಗೆ ಒಂದೆರಡು ವಾರಗಳಲ್ಲಿ ಎದುರಿಗೊಬ್ಬ ವ್ಯಕ್ತಿ ಇದ್ದಾನೆ ಎಂಬ ಭಾವ ನೆಲೆಯೂರುತ್ತದೆ. ಹೊಟ್ಟೆಯ ಕಡೆ ನೋಡಿಕೊಂಡು ಮಾತನಾಡಲು ನಾಚಿಕೆಯಾದರೆ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಅಜ್ಜಿ ಹೇಳುತ್ತಿದ್ದ ಒಂದು ಜೋಗುಳವನ್ನು ಗುನುಗಿ, ಇವತ್ತು ಕೆಲಸದಲ್ಲಿ ಏನಾಯಿತೆಂದು ಹೆಂಡತಿಗೂ ಕೂಸಿಗೂ ಒಟ್ಟಿಗೆ ಹೇಳಿ. ಹೊಟ್ಟೆಗೆ ಹೆಡ್‌ಫೋನ್ ಹಚ್ಚಿ ಜೋರಾಗಿ ಸಂಗೀತ ಕೇಳಿಸುವುದು ಮಾತ್ರ ಬೇಡ.

ಸೀಮಂತ, ಕುಬಸ, ಆಮೇಲೆ ತವರು

ಹಳೆಯ ಗೃಹ್ಯಸೂತ್ರಗಳಲ್ಲಿ ಸೀಮಂತವೆಂದರೆ ಗಂಡನೇ ಹೆಂಡತಿಯ ಕೂದಲನ್ನು ಮೇಲ್ಮುಖವಾಗಿ ಬಾಚಿ ಬೈತಲೆ ತೆಗೆಯುವ ಕ್ರಿಯೆ. ಇಡೀ ಸಂಸ್ಕಾರದ ಹೆಸರೇ ಆ ಕೆಲಸದಿಂದ ಬಂದದ್ದು. ಇಂದಿನ ಸೀಮಂತದಲ್ಲಿ, ಉತ್ತರ ಕರ್ನಾಟಕದ ಕುಬಸದಲ್ಲಿ, ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಆರತಿ ಎಲ್ಲವನ್ನೂ ಮುತ್ತೈದೆಯರೇ ನಡೆಸುತ್ತಾರೆ. ಗಂಡ ಫೋಟೋಕ್ಕೆ ನಿಂತು ಊಟದ ಪಂಕ್ತಿಯ ಮೇಲ್ವಿಚಾರಣೆಗೆ ಹೋಗುತ್ತಾನೆ. ಮನೆಯ ಹಿರಿಯರನ್ನು ಕೇಳಿಕೊಂಡು, ಅವಳಿಗೆ ಹೂ ಮುಡಿಸುವುದೋ, ಮೊದಲ ತುತ್ತು ತಿನ್ನಿಸುವುದೋ, ಯಾವುದಾದರೂ ಒಂದು ಕ್ರಿಯೆಯನ್ನು ನಿಮ್ಮದಾಗಿಸಿಕೊಳ್ಳಿ. ಒಪ್ಪದ ಹಿರಿಯರು ಕಡಿಮೆ.

ನಿಜವಾದ ಕಷ್ಟ ಇರುವುದು ಇದರ ಮರುದಿನ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ವಾಡಿಕೆಯಂತೆ ಏಳನೇ ಅಥವಾ ಒಂಬತ್ತನೇ ತಿಂಗಳಿನಲ್ಲಿ ಅವಳನ್ನು ಕರೆದೊಯ್ಯುತ್ತಾರೆ. ನಂಟು ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲೇ ಬೆಂಗಳೂರಿನಲ್ಲಿ ಕೆಲಸ ಮಾಡುವವನ ಹೆಂಡತಿ ಹಾವೇರಿಗೋ ಸಿಂಧನೂರಿಗೋ ಹೊರಟುಹೋಗುತ್ತಾಳೆ. ಕರಾವಳಿಯಲ್ಲಿ ಗಲ್ಫ್ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಂತೂ ಇಡೀ ಒಂಬತ್ತು ತಿಂಗಳೇ ದೂರದಲ್ಲಿ ಕಳೆಯುತ್ತದೆ. ಈ ವಾಡಿಕೆಯನ್ನು ವಿರೋಧಿಸಿ ಅವಳನ್ನು ತಡೆದಿಟ್ಟುಕೊಳ್ಳುವುದು ಸರಿಯೆಂದು ನನಗೆ ತೋರುವುದಿಲ್ಲ. ಹೆತ್ತ ತಾಯಿಯ ಹತ್ತಿರ ಅವಳಿಗೆ ಸಿಗುವ ವಿಶ್ರಾಂತಿ ಮತ್ತು ಸಲಿಗೆ ಗಂಡನ ಮನೆಯಲ್ಲಿ ಸಿಗುವುದು ಕಷ್ಟ. ಎಲ್ಲಿ ಹೆರಿಗೆಯಾಗಬೇಕೆಂಬ ಆಯ್ಕೆ ಅವಳದಾಗಿರಲಿ, ಯಾವ ತಿಂಗಳು ಹೊರಡುವುದೆಂದು ಇಬ್ಬರೂ ವೈದ್ಯರನ್ನು ಕೇಳಿ ನಿರ್ಧರಿಸಿ.

ಹೋದ ಮೇಲೆ ದಿನಕ್ಕೆ ನಾಲ್ಕು ಸಲ “ಊಟ ಆಯ್ತಾ” ಎಂದು ಕೇಳುವ ಕರೆಗಳಿಂದ ಯಾರಿಗೂ ತೃಪ್ತಿಯಾಗುವುದಿಲ್ಲ. ಬದಲಿಗೆ ರಾತ್ರಿ ನೀವು ಹೊಟ್ಟೆಯ ಮೇಲೆ ಕೈಯಿಡುತ್ತಿದ್ದ ಅದೇ ಹೊತ್ತಿಗೆ ಒಂದು ಕರೆ ಮಾಡಿ. ಮೊಬೈಲಿನ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಳ್ಳಲು ಹೇಳಿ, ಎಂದಿನ ಧ್ವನಿಯಲ್ಲಿ ಕೂಸಿನ ಜೊತೆ ಮಾತನಾಡಿ. ಕೇಳುವ ಪ್ರಶ್ನೆ ನಿರ್ದಿಷ್ಟವಾಗಿರಲಿ: ಇವತ್ತು ಯಾವ ಬದಿಯಲ್ಲಿ ಹೆಚ್ಚು ಒದೆಯಿತು, ಕಾಲಿನ ಊತ ನಿನ್ನೆಗಿಂತ ಇಳಿದಿದೆಯೇ, ರಾತ್ರಿ ಎಷ್ಟು ಸಲ ಎದ್ದೆ. ಇಂಥ ಪ್ರಶ್ನೆಗಳಿಗೆ ಸಿಗುವ ಉತ್ತರಗಳು ನಿಮ್ಮ ಮನಸ್ಸಿನಲ್ಲಿ ಕೂಸಿಗೊಂದು ಸ್ವಭಾವ ಕೊಡುತ್ತ ಹೋಗುತ್ತವೆ. ಸಾಧ್ಯವಾದಷ್ಟು ತಪಾಸಣೆಯ ದಿನಕ್ಕೇ ಊರಿಗೆ ಹೋಗಿ, ಅಲ್ಲಿನ ವೈದ್ಯರ ಪರಿಚಯ ಮಾಡಿಕೊಳ್ಳಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಳಿಯಂದಿರು ಬಂದರೆಂದು ಹೋಳಿಗೆ ಮಾಡಿ, ಪಡಸಾಲೆಯಲ್ಲಿ ಕೂರಿಸಿ, ಮಾವನವರು ಮಳೆ ಬೆಳೆಯ ಮಾತಿಗೆ ಇಳಿಯುತ್ತಾರೆ, ಹೆಂಡತಿ ಒಳಕೋಣೆಯಲ್ಲಿರುತ್ತಾಳೆ, ಸಂಜೆಯ ಬಸ್ಸಿಗೆ ಹೊರಡುವವರೆಗೂ ಇಬ್ಬರಿಗೆ ನೆಟ್ಟಗೆ ಮಾತನಾಡಲು ಆಗುವುದಿಲ್ಲ. ಬೇಸರಿಸಿಕೊಳ್ಳದೆ ಅತ್ತೆಯವರನ್ನೇ ನೇರವಾಗಿ ಕೇಳಿಕೊಳ್ಳಿ: “ಅತ್ತೆ, ಇವತ್ತು ಅವಳ ಕಾಲಿಗೆ ಎಣ್ಣೆ ನಾನು ಹಚ್ಚುತ್ತೇನೆ, ನೀವು ಸ್ವಲ್ಪ ಕೂತುಕೊಳ್ಳಿ.” ಕೆಲಸದ ನೆಪವಿದ್ದರೆ ಒಳಕೋಣೆಯ ಬಾಗಿಲು ತೆರೆಯುತ್ತದೆ.

ನಿಮ್ಮ ಮನಸ್ಸಿನ ಆರೋಗ್ಯ

ಹೆಂಡತಿ ಬಸುರಿಯಾದಾಗ ಕೆಲವು ಗಂಡಸರಿಗೂ ವಾಕರಿಕೆ, ಹೊಟ್ಟೆಯುಬ್ಬರ, ನಿದ್ರೆಗೇಡು, ತೂಕ ಹೆಚ್ಚಳ ಕಾಣಿಸಿಕೊಳ್ಳುವುದುಂಟು. ವೈದ್ಯಕೀಯದಲ್ಲಿ ಇದನ್ನು ಕೂವಾಡ್ ಎನ್ನುತ್ತಾರೆ. ಸಾಮಾನ್ಯವಾಗಿ ಹೆರಿಗೆಯ ನಂತರ ತಾನಾಗಿ ಹೋಗುತ್ತದೆ. ಹೆಚ್ಚು ಗಮನ ಬೇಕಾದದ್ದು ಖಿನ್ನತೆಗೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಹೆಂಡತಿಯ ಬಸುರಿನ ಅವಧಿಯಲ್ಲಿ ಅಥವಾ ಹೆರಿಗೆಯಾದ ಮೊದಲ ವರ್ಷದಲ್ಲಿ ಸುಮಾರು ಹತ್ತರಲ್ಲಿ ಒಬ್ಬ ತಂದೆ ಖಿನ್ನತೆಯನ್ನು ಅನುಭವಿಸುತ್ತಾನೆ. ಗಂಡಸರಲ್ಲಿ ಅದು ಅಳುವಾಗಿ ಕಾಣಿಸದೆ ಸಿಡುಕು, ಮನೆಗೆ ತಡವಾಗಿ ಬರುವುದು, ಕುಡಿತ, ಮಿತಿಮೀರಿದ ದುಡಿಮೆಯ ರೂಪದಲ್ಲಿ ಕಾಣಿಸಬಹುದು. ಹೀಗೆ ಎರಡು ವಾರಕ್ಕೂ ಹೆಚ್ಚು ಕಾಲ ಮುಂದುವರಿದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು.

ಎಷ್ಟೋ ಮಂದಿಗೆ ಎದುರಾಗುವ ಇನ್ನೊಂದು ತೊಡಕೆಂದರೆ, ತಮ್ಮ ತಂದೆ ತಮ್ಮನ್ನು ಎತ್ತಿ ಆಡಿಸಿದ ನೆನಪೇ ಇಲ್ಲದಿರುವುದು. ಮಾದರಿಯಿಲ್ಲದೆ ಹೇಗೆ ಕಲಿಯುವುದೆಂಬ ಅಳುಕು ಸಹಜ. ತಂದೆ ಬದುಕಿದ್ದರೆ ನಿಮ್ಮ ಹುಟ್ಟಿನ ದಿನ ಅವರು ಎಲ್ಲಿದ್ದರು, ಯಾರು ಸುದ್ದಿ ತಂದರು, ಏನನ್ನಿಸಿತು ಎಂದು ಕೇಳಿ ನೋಡಿ. ಅಂದಿನ ಗಂಡಸರಿಗೆ ಹೇಳಿಕೊಳ್ಳುವ ಅವಕಾಶವಿರಲಿಲ್ಲ ಎಂಬುದು ಆ ಮಾತುಕತೆಯಲ್ಲಿ ತಿಳಿದುಬರುವುದೂ ಉಂಟು.

ಹೆರಿಗೆ ಮತ್ತು ಮೊದಲ ದಿನಗಳು

ಹೆರಿಗೆಯ ಹೊತ್ತಿನಲ್ಲಿ ಹೆರುವವಳು ಬಯಸಿದ ಒಬ್ಬರು ಅವಳ ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಬೇರೆ ಹೆಂಗಸರೂ ಇರುವುದರಿಂದ ಸಾಮಾನ್ಯವಾಗಿ ಹೆಣ್ಣು ಸಂಬಂಧಿಗೆ ಮಾತ್ರ ಅವಕಾಶ. ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಗಂಡನನ್ನು ಬಿಡುತ್ತಾರೆ. ಎಂಟನೇ ತಿಂಗಳಿನಲ್ಲೇ ವಿಚಾರಿಸಿಡಿ. ಒಳಗಿದ್ದರೆ ಸೊಂಟವನ್ನು ಅಂಗೈಯಿಂದ ಒತ್ತಿಕೊಡುವುದು, ಗುಟುಕು ಗುಟುಕಾಗಿ ನೀರು ಕುಡಿಸುವುದು, ಸುಮ್ಮನೆ ಕೈ ಹಿಡಿದು ನಿಲ್ಲುವುದು ಸಾಕು, ಉಪದೇಶ ಬೇಡ. ಹೊರಗಿದ್ದರೆ ರಕ್ತ ಕೊಡುವವರ ನಂಬರು, ತಾಯಿ ಕಾರ್ಡು, ಬಟ್ಟೆಯ ಚೀಲ ನಿಮ್ಮ ವಶದಲ್ಲಿರಲಿ. ಮನೆಯಿಂದ ಹೊರಡುವಾಗ ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬಹುದು.

ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ತಾಯಿಯ ಎದೆಹಾಲು ಸಿಗಬೇಕು. ಜೇನುತುಪ್ಪ, ಸಕ್ಕರೆ ನೀರು ಹಾಕಲು ಬರುವವರನ್ನು ತಡೆಯುವುದು ತಂದೆಯಾಗಿ ನಿಮ್ಮ ಮೊದಲ ಕೆಲಸ. ಸಿಸೇರಿಯನ್ ಆಗಿ ತಾಯಿ ಇನ್ನೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದು ಕೂಸು ಆರೋಗ್ಯವಾಗಿದ್ದರೆ, ಅದನ್ನು ನಿಮ್ಮ ಬರಿ ಎದೆಯ ಮೇಲೆ ಇಟ್ಟುಕೊಳ್ಳಲು ಅವಕಾಶ ಕೊಡುವಿರಾ ಎಂದು ದಾದಿಯರನ್ನು ಕೇಳಿ. ಕೂಸಿಗೆ ಟೋಪಿ ಮತ್ತು ಲಂಗೋಟಿ ಮಾತ್ರ ಇರಲಿ, ಮುಖ ಒಂದು ಬದಿಗೆ ತಿರುಗಿ ಮೂಗು ಮುಚ್ಚದಂತಿರಲಿ, ಮೇಲೆ ಹೊದಿಕೆ ಹೊದಿಸಿ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳಿಗೆ ಹೇಳುವ ಕಾಂಗರೂ ಆರೈಕೆಯನ್ನೂ, ಅಂದರೆ ಹೀಗೆ ಬರಿ ಎದೆಗೆ ಅಪ್ಪಿ ಬೆಚ್ಚಗಿಡುವುದನ್ನೂ, ವೈದ್ಯರು ಹೇಳಿದಂತೆ ತಂದೆ ಮಾಡಬಹುದು.

ಪುರುಡಿನ ದಿನಗಳಲ್ಲಿ ಗಂಡಸರು ಬಾಣಂತಿಯ ಕೋಣೆಗೆ ಹೋಗಬಾರದೆಂಬ ನಿಯಮ ಎಷ್ಟೋ ಮನೆಗಳಲ್ಲಿದೆ. ಹೆರಿಗೆಯಾದ ಮೇಲೆ ವಾದಕ್ಕಿಳಿಯುವುದಕ್ಕಿಂತ, ಕೈಕಾಲು ತೊಳೆದು ದಿನಕ್ಕಿಷ್ಟು ಹೊತ್ತು ಕೂಸನ್ನು ಎತ್ತಿಕೊಳ್ಳುತ್ತೇನೆಂದು ಒಂಬತ್ತನೇ ತಿಂಗಳಿನಲ್ಲೇ ಅತ್ತೆ ಮಾವಂದಿರಿಗೆ ಹೇಳಿ ಒಪ್ಪಿಸಿಕೊಳ್ಳುವುದು ಜಾಣತನ. ಹಾಲು ಕುಡಿಸುವುದೊಂದನ್ನು ಬಿಟ್ಟು ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ಎಲ್ಲವನ್ನೂ ನೀವು ಮಾಡಬಹುದು. ರಜೆಯನ್ನೂ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರಿ ನೌಕರರಿಗೆ ಮೊದಲ ಇಬ್ಬರು ಮಕ್ಕಳವರೆಗೆ 15 ದಿನಗಳ ಪಿತೃತ್ವ ರಜೆ ಇದ್ದು, ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು. ಖಾಸಗಿ ಕಂಪನಿಗಳಿಗೆ ಇದನ್ನು ಕಡ್ಡಾಯ ಮಾಡಿದ ಕಾನೂನು ದೇಶದಲ್ಲಿ ಇಲ್ಲದಿರುವುದರಿಂದ ನಿಮ್ಮ ಕಂಪನಿಯ ನಿಯಮವನ್ನು ಮೊದಲೇ ಕೇಳಿ ತಿಳಿಯಿರಿ. ಇರುವ ರಜೆಯನ್ನೆಲ್ಲ ಹೆರಿಗೆಯ ವಾರದಲ್ಲೇ ಮುಗಿಸಬೇಡಿ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ತಾಯಿ ಮಗು ತವರಿನಿಂದ ನಿಮ್ಮ ಮನೆಗೆ ಬಂದಾಗ ಅಲ್ಲಿ ಅಜ್ಜಿಯ ಕೈ ಇರುವುದಿಲ್ಲ, ಆ ಮೊದಲ ವಾರಕ್ಕೆಂದು ಕೆಲವು ದಿನಗಳ ರಜೆ ಉಳಿದಿರಲಿ.